ಐದನೆಯ ಎಲೆ

ನನ್ನ ಸ್ವರದ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ಕಾಲದಲ್ಲಿ ನನಗಿದ್ದ ಆಸ್ತಿ ಅದೊಂದೇ. ಕಾಪು ಪೇಟೆಯಲ್ಲಿ ನಾನು ಬಸ್ಸಿನ ಏಜೆಂಟ್. ಬಸ್ಸು ಬಂದು ನಿಂತ ಕೂಡಲೇ ‘ಉಡ್ಪಿ ಉಡ್ಪಿ ಉಡ್ಪಿ’ ಎಂದು ಕೂಗಬೇಕು, ಹತ್ತಲೋ ಬೇಡವೋ ಎಂದು ನಿಂತವರನ್ನು ಹತ್ತಿಸಬೇಕು, ಹತ್ತಿದವರನ್ನು ಒಳಗೆ ತಳ್ಳಬೇಕು, ಕೊನೆಗೆ ಬಸ್ಸಿನ ಬೆನ್ನಿಗೆ ಎರಡು ಪೆಟ್ಟು ಕೊಟ್ಟು ‘ರೈಟ್’ ಎನ್ನಬೇಕು. ರೇಮಂಡ್ ‘ರೈಟ್’ ಎನ್ನದೆ ಕಾಪುವಿನಿಂದ ಬಸ್ಸು ಅಲುಗುವುದಿಲ್ಲ ಎಂಬ ನಂಬಿಕೆಯಲ್ಲೇ ನಾನು ವರ್ಷಗಟ್ಟಲೆ ಬದುಕಿದೆ. ಒಮ್ಮೆ ಜ್ವರ ಬಂದು ಮಲಗಿದ್ದಾಗ ಎಲ್ಲ ಬಸ್ಸುಗಳೂ ಹೊತ್ತಿಗೆ ಸರಿಯಾಗಿ ಹೊರಟವೆಂದು ಕೇಳಿ ನನ್ನ ಜ್ವರ ಇನ್ನಷ್ಟು ಏರಿತು.

ಆದರೆ ಇದು ನನ್ನ ಕತೆಯಲ್ಲ, ನನ್ನ ಅಕ್ಕ ಡುಲ್ಸಿನಳ ಕತೆ. ಅವಳ ಕತೆ ಹೇಳಲು ಕುಳಿತಾಗಲೂ ನನ್ನಿಂದಲೇ ಶುರು ಮಾಡಿದೆ ನೋಡಿ. ನಮ್ಮ ಮನೆಯ ರೋಗವೇ ಅದು.

ಶಿರ್ವದ ಇಗರ್ಜಿಯ ಗಂಟೆ ಕೇಳುವಷ್ಟು ದೂರದಲ್ಲಿ, ಕಾಪುವಿಗೆ ಹೋಗುವ ರಸ್ತೆಯ ಬದಿಯಲ್ಲಿ ನಮ್ಮ ಮನೆ. ಎರಡು ಗದ್ದೆ, ಹತ್ತಾರು ತೆಂಗಿನಮರ, ನಾಲ್ಕು ಮಂದಿ ಮಕ್ಕಳು. ಅಪ್ಪ ವಿಷಮಜ್ವರದಲ್ಲಿ ಹೋದರು, ಅವರ ಹಿಂದೆಯೇ ಅಮ್ಮನೂ ಹೋದರು. ಆಗ ಡುಲ್ಸಿನಕ್ಕನಿಗೆ ಹತ್ತೊಂಬತ್ತು. ಅವಳ ಕೆಳಗೆ ಅಲೆಕ್ಸಾಂಡರ್, ಅವನ ಕೆಳಗೆ ನಾನು, ಎಲ್ಲರಿಗಿಂತ ಕೆಳಗೆ ಇನ್ನೂ ಅಂಬೆಗಾಲಿಡುತ್ತಿದ್ದ ಝೀಟಾ. ಅಕ್ಕ ಗದ್ದೆ ಮಾಡಿಸಿದಳು, ಊರವರ ರವಿಕೆ ಹೊಲಿದಳು, ನಮ್ಮನ್ನು ದೊಡ್ಡ ಮಾಡಿದಳು. ಅವಳಿಗೂ ಸಂಬಂಧಗಳು ಬರುತ್ತಿದ್ದವು. ಮೊದಲು ಬಂದವರಿಗೆ, ‘ಝೀಟಾ ನಡೆಯಲು ಕಲಿಯಲಿ’ ಎಂದಳು. ಆಮೇಲೆ ಬಂದವರಿಗೆ, ‘ರೇಮಂಡ್ ಎಸ್ಸೆಸ್ಸೆಲ್ಸಿ ಪಾಸಾಗಲಿ’ ಎಂದಳು. ಝೀಟಾ ನಡೆಯಲು ಕಲಿತಳು. ಎರಡನೆಯದು ಇವತ್ತಿನವರೆಗೂ ಆಗಿಲ್ಲ. ಹಾಗೆ ಅಕ್ಕನಿಗೆ ನಲವತ್ತು ತುಂಬಿತು, ಸಂಬಂಧ ಬರುವುದು ನಿಂತಿತು. ನಿಂತದ್ದನ್ನು ನಾವು ಯಾರೂ ಗಮನಿಸಲಿಲ್ಲ. ಗಮನಿಸಿದ್ದರೆ ಒಳಗೊಳಗೇ ಸಂತೋಷಪಡುತ್ತಿದ್ದೆವು ಎಂದು ಕಾಣುತ್ತದೆ.

ನಾನು ಹೇಳಹೊರಟಿರುವುದು ಅರವತ್ತೆರಡರ ಮೊಂತಿ ಹಬ್ಬದ ದಿನದ ಸಂಗತಿ. ಸೆಪ್ಟೆಂಬರ್ ಎಂಟು ಮೇರಿ ಮಾತೆಯ ಹುಟ್ಟಿದ ದಿನ, ನಮಗೆ ತೆನೆ ಹಬ್ಬ. ಪಾದ್ರಿಗಳು ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಗೆ ಇಷ್ಟಿಷ್ಟೆಂದು ಕೊಡುತ್ತಾರೆ. ಆ ಕಾಳನ್ನು ಸುಲಿದು, ಪುಡಿ ಮಾಡಿ, ಬೆಲ್ಲ ಕರಗಿಸಿದ ತೆಂಗಿನ ಹಾಲಿಗೆ ಹಾಕಿದರೆ ಅದು ನೊವೆಂ. ಊಟಕ್ಕೆ ಮೊದಲು ಮನೆಯವರೆಲ್ಲ ಒಟ್ಟಿಗೆ ಕುಳಿತು ಅದನ್ನು ತಿನ್ನಬೇಕು. ಒಂದು ಚಮಚವಾದರೂ ಸರಿ, ಎಲ್ಲರಿಗೂ ಸಿಗಬೇಕು. ಜಗಳ ಕಟ್ಟಿಕೊಂಡವರು ರಾಜಿಯಾಗದೆ ಅದನ್ನು ಮುಟ್ಟಬಾರದು. ಆ ದಿನ ಮೀನಿಲ್ಲ, ಮಾಂಸವಿಲ್ಲ. ಬರೀ ತರಕಾರಿ, ಅದೂ ಬೆಸ ಸಂಖ್ಯೆಯಲ್ಲಿ. ನಮ್ಮ ಮನೆಯಲ್ಲಿ ಏಳು ಬಗೆ. ಒಂದು ವರ್ಷ ಲೆಕ್ಕ ತಪ್ಪಿ ಎಂಟಾಗಿ, ಉಪ್ಪಿನಕಾಯಿಯನ್ನು ಸೇರಿಸಿ ಒಂಬತ್ತು ಮಾಡಬಹುದೇ ಎಂದು ಅಲೆಕ್ಸಣ್ಣನೂ ನಾನೂ ವಾದಕ್ಕೆ ಬಿದ್ದಿದ್ದೆವು. ವಾದ ಮುಗಿಯುವಷ್ಟರಲ್ಲಿ ಅಕ್ಕ ಹಿತ್ತಲಿಗೆ ಹೋಗಿ ಹರಿವೆ ಕೊಯ್ದು ತಂದು ಪಲ್ಯ ಮಾಡಿ ಆಗಿತ್ತು.

ನೊವೆಂ ಬಡಿಸುವುದು ಮನೆಯ ಹಿರಿಯರ ಹಕ್ಕು. ನಮ್ಮಲ್ಲಿ ಅದು ಅಕ್ಕನದು. ಅಪ್ಪನ ಕಾಲದ ಸಣ್ಣ ಕಂಚಿನ ಬಟ್ಟಲು, ತೆಂಗಿನ ಗೆರಟೆಯ ಸೌಟು. ನಮ್ಮ ಎಲೆಗಳಿಗೆ ಬಡಿಸಿ, ‘ನೀವು ತಿನ್ನಿ, ನಾನು ಅನ್ನ ನೋಡಿ ಬರುತ್ತೇನೆ’ ಎಂದು ಬಟ್ಟಲು ಹಿಡಿದು ಅಡುಗೆಮನೆಗೆ ಹೋಗುತ್ತಿದ್ದಳು. ಒಳಗಿನಿಂದ ಬಟ್ಟಲು ಕೆರೆಯುವ ಸದ್ದು ಕೇಳುತ್ತಿತ್ತು. ಆ ಸದ್ದು ಕೇಳಿದರೆ ನಮಗೆ ಹಬ್ಬ ಪೂರ್ತಿಯಾದ ಹಾಗೆ.

ಆ ವರ್ಷ ನಾವು ಮೂವರೂ ಒಂದೊಂದು ಸುಳ್ಳು ಹೊತ್ತುಕೊಂಡು ಹಬ್ಬಕ್ಕೆ ಬಂದಿದ್ದೆವು. ನನ್ನದು ಹೀಗೆ: ನನ್ನ ಹೆಂಡತಿ ಐರಿನ್, ಈಸ್ಟರಿಗೆ ಮೊದಲೇ ತವರಾದ ಕಾರ್ಕಳಕ್ಕೆ ಹೋದವಳು ವಾಪಸು ಬಂದಿರಲಿಲ್ಲ. ಅತ್ತೆಗೆ ಹುಷಾರಿಲ್ಲ ಎಂದು ನಾನು ಕಾಪು ಪೇಟೆಯಿಡೀ ಹೇಳಿಕೊಂಡಿದ್ದೆ. ಅತ್ತೆ ಗುಂಡುಕಲ್ಲಿನ ಹಾಗೆ ಇದ್ದರು. ನಾನು ಮನೆಯಲ್ಲೂ ಬಸ್‌ಸ್ಟ್ಯಾಂಡಿನ ಸ್ವರದಲ್ಲೇ ಮಾತನಾಡುತ್ತೇನೆ, ‘ಬೇಗ ಬೇಗ, ಒಳಗೆ ಹೋಗಿ, ಮುಂದೆ ಜಾಗ ಉಂಟು’ ಎನ್ನುವವರ ಹಾಗೆ ಹೆಂಡತಿಯನ್ನು ಓಡಿಸುತ್ತೇನೆ ಎಂಬುದು ಅವಳ ದೂರು. ಹೊರಡುವ ದಿನ, ‘ನಾನು ನಿಮ್ಮ ಪ್ಯಾಸೆಂಜರ್ ಅಲ್ಲ’ ಎಂದಿದ್ದಳು. ಅವಳನ್ನು ಕರೆತರಲು ನಾನು ಹೋಗಲಿಲ್ಲ. ಗಂಡಸಲ್ಲವೇ! ಅಕ್ಕನನ್ನು ಕಳಿಸಿದೆ. ಒಮ್ಮೆಯಲ್ಲ, ಹಲವು ಸಲ. ಪ್ರತಿ ಸಲವೂ ಬಸ್ಸಿನ ಟೈಮನ್ನು ಬಹಳ ಗತ್ತಿನಿಂದ ಹೇಳಿ ಕಳಿಸುತ್ತಿದ್ದೆ. ಪ್ರತಿ ಸಲವೂ ಅಕ್ಕ ಒಬ್ಬಳೇ ತಡವಾಗಿ ವಾಪಸು ಬರುತ್ತಿದ್ದಳು. ‘ನೀನು ಹೇಳಿದ ಟೈಮಿಗೆ ಅಲ್ಲಿಂದ ಬಸ್ಸೇ ಇಲ್ಲ ಮಾರಾಯ’ ಎನ್ನುತ್ತಿದ್ದಳು. ಈಗ ಯೋಚಿಸಿದರೆ, ಹಾಗೆ ಹೇಳುವಾಗ ಅವಳಿಗೆ ಸಿಟ್ಟು ಇರುತ್ತಿರಲಿಲ್ಲ.

ಅಲೆಕ್ಸಣ್ಣ ಬೊಂಬಾಯಿಯ ಹಡಗಿನವನು. ಅವನ ಪೆಟ್ಟಿಗೆಯ ಮೇಲೆ ಪರದೇಶದ ಬಂದರುಗಳ ಚೀಟಿಗಳಿದ್ದವು. ಬಾಯಲ್ಲಿ ಏಡನ್ನಿನ ಬಿಸಿಲು, ಮಾರ್ಸೇಲಿನ ಚಳಿ. ಮಳೆಗಾಲಕ್ಕೆ ಮೊದಲು ರಜೆಯಲ್ಲಿ ಬಂದವನ ರಜೆ ಮುಗಿಯುವ ಲಕ್ಷಣವೇ ಕಾಣುತ್ತಿರಲಿಲ್ಲ. ಝೀಟಾ ಕನ್ಯಾಮಠ ಸೇರಿದವಳು. ಆರೋಗ್ಯ ಸುಧಾರಿಸಲೆಂದು ಅಲ್ಲಿನ ಮದರ್ ತನ್ನನ್ನು ಮನೆಗೆ ಕಳಿಸಿದ್ದಾರೆ ಎಂದಿದ್ದಳು. ಆ ಆರೋಗ್ಯದಲ್ಲಿ ದಿನಕ್ಕೆ ಮೂರು ಹೊತ್ತು ಗಂಜಿ ಉಣ್ಣುತ್ತಿದ್ದಳು, ಗುಡ್ಡ ಹತ್ತಿ ಸೌದೆ ತರುತ್ತಿದ್ದಳು.

ಪೂಜೆ ಮುಗಿಸಿ ತೆನೆ ಹಿಡಿದುಕೊಂಡು ಮನೆಗೆ ಬಂದೆವು. ಅಕ್ಕ ಕಾಳು ಸುಲಿದಳು, ಝೀಟಾ ಕಾಯಿ ತುರಿದಳು. ಅಲೆಕ್ಸಣ್ಣನೂ ನಾನೂ ಚಾವಡಿಯಲ್ಲಿ ಕುಳಿತು ಮಳೆ ಬರಬಹುದೇ ಎಂದು ನೋಡಿದೆವು. ಊಟದ ಹೊತ್ತಿಗೆ ಒಳಗೆ ಹೋದರೆ ನೆಲದಲ್ಲಿ ಎಲೆ ಹಾಕಿ ಆಗಿತ್ತು. ನಾವು ನಾಲ್ವರು. ಎಲೆ ಐದು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಕತೆ ನಿಮಗೆ ಗೊತ್ತುಂಟು. ಇಲ್ಲಿ ಯಾರೂ ಕಳ್ಳ ಎಂದೂ ಹೇಳಿರಲಿಲ್ಲ. ಒಂದು ಬಾಳೆಲೆ ಸುಮ್ಮನೆ ನೆಲದ ಮೇಲೆ ಬಿದ್ದುಕೊಂಡಿತ್ತು, ಅಷ್ಟೇ.

ಮೊದಲು ಹೆಗಲು ಮುಟ್ಟಿಕೊಂಡವನು ಅಲೆಕ್ಸಣ್ಣ. ‘ಅಕ್ಕಾ, ಇಮ್ಯಾನುಯೆಲ್ ಬರುತ್ತಾನಾ?’ ಎಂದ. ಸಂತೆಕಟ್ಟೆಯ ಇಮ್ಯಾನುಯೆಲ್ ನಿಜವಾಗಿಯೂ ಹಡಗಿನಲ್ಲಿದ್ದವನು, ರಜೆಯಲ್ಲಿ ಊರಿಗೆ ಬಂದಿದ್ದ.

ಅಕ್ಕ ಎಲೆಯ ಮೇಲೆ ನೀರು ಚಿಮುಕಿಸಿ ಒರೆಸುತ್ತಿದ್ದಳು.

‘ಅವನು ಹೇಳುವ ಮೊದಲು ನಾನೇ ಹೇಳುತ್ತೇನೆ’ ಎಂದ ಅಲೆಕ್ಸಣ್ಣ. ‘ನಾನು ಹಡಗಿನಲ್ಲಿ ಕೆಲಸ ಮಾಡಿದ್ದು ಒಂದೇ ದಿನ. ಬಂದರು ದಾಟುವ ಮೊದಲೇ ಕರುಳು ಬಾಯಿಗೆ ಬಂತು. ದಾರಿ ತೋರಿಸಲು ಬಂದಿದ್ದ ದೋಣಿಯಲ್ಲೇ ನನ್ನನ್ನು ವಾಪಸು ಕಳಿಸಿದರು. ಇಷ್ಟು ವರ್ಷ ಬ್ರಹ್ಮಚಾರಿಗಳ ವಸತಿಯಲ್ಲಿ ಅಡುಗೆ ಮಾಡಿಕೊಂಡಿದ್ದೆ. ಈಗ ಅದೂ ಮುಚ್ಚಿತು.’

‘ಪೆಟ್ಟಿಗೆಯ ಮೇಲಿನ ಚೀಟಿಗಳು?’ ಎಂದು ನಾನು ಕೇಳಿದೆ. ನನಗೆ ಅದು ಮುಖ್ಯವಾಗಿ ಕಂಡಿತು.

‘ಪೆಟ್ಟಿಗೆಯೇ ಹಳೇ ಬಜಾರಿನದು.’

ನಾನು ಅಣ್ಣನನ್ನು ಒಂದು ದೃಷ್ಟಿ ನೋಡಿದೆ. ಆ ದೃಷ್ಟಿಯಲ್ಲಿ ಎಷ್ಟು ತಿರಸ್ಕಾರ ತುಂಬಬಹುದೋ ಅಷ್ಟನ್ನೂ ತುಂಬಿದ್ದೆ. ಸಮುದ್ರದ ಬದಿಯಲ್ಲೇ ಹುಟ್ಟಿ ಸಮುದ್ರಕ್ಕೆ ವಾಂತಿ ಮಾಡಿಕೊಂಡವನು! ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಹುಡುಕುವುದು ಎಂದರೆ ಇದೇ.

ಅಷ್ಟರಲ್ಲಿ ಝೀಟಾ ಅಳತೊಡಗಿದಳು. ‘ಮದರ್ ಬರುತ್ತಾರಲ್ವಾ? ನೀನೇ ಬರಲು ಹೇಳಿದ್ದೀ ಅಲ್ವಾ? ನಾನು ಹೋಗುವುದಿಲ್ಲ ಅಕ್ಕಾ. ನನಗೆ ಹುಷಾರಿದೆ. ನಾನು ಬಿಟ್ಟೇ ಬಂದದ್ದು. ಇಡೀ ದಿನ ಮಾತನಾಡದೆ ಇರಲು ನನ್ನಿಂದ ಆಗುವುದಿಲ್ಲ.’

ಈಗ ಉಳಿದವನು ನಾನು. ಎಲ್ಲರೂ ನನ್ನನ್ನು ನೋಡಿದರು. ನೋಡಲಿಲ್ಲವೋ ಏನೋ, ನನಗೆ ಹಾಗೆ ಅನಿಸಿತು. ಐದನೆಯ ಎಲೆ ನನ್ನ ಎಲೆಯ ಪಕ್ಕದಲ್ಲೇ ಇತ್ತು. ಹೆಂಡತಿಯ ಎಲೆ ಇನ್ನೆಲ್ಲಿರಬೇಕು? ಅಕ್ಕ ಹೇಗೋ ಮಾಡಿ ಐರಿನಳನ್ನು ಒಪ್ಪಿಸಿದ್ದಾಳೆ, ಎಲ್ಲರ ಎದುರು ಅವಳು ಬಂದು ಕುಳಿತು ನನ್ನ ಬಣ್ಣ ಬಯಲು ಮಾಡುತ್ತಾಳೆ ಎಂದುಕೊಂಡೆ. ‘ಅತ್ತೆಗೆ ಹುಷಾರಿಲ್ಲ ಎಂದದ್ದು ಸುಳ್ಳು. ಐರಿನ್ ನನ್ನನ್ನು ಬಿಟ್ಟುಹೋಗಿದ್ದಾಳೆ’ ಎಂದುಬಿಟ್ಟೆ. ಹೇಳಿದ್ದು ಮೆಲ್ಲಗೆ ಎಂದು ನನ್ನ ಅಂದಾಜು. ಹಿತ್ತಲಿನ ಕೋಳಿಗಳು ಬೆಚ್ಚಿ ಹಾರಿದವು.

‘ಅದು ನನಗೆ ಗೊತ್ತಿಲ್ವಾ? ಕರೆಯಲು ಹೋಗುತ್ತಿದ್ದದ್ದೇ ನಾನಲ್ವಾ?’ ಎಂದಳು ಅಕ್ಕ. ಆಮೇಲೆ ಎದ್ದು ನಿಂತು ಸೆರಗಿಗೆ ಕೈ ಒರೆಸಿಕೊಂಡಳು. ‘ಎಲ್ಲರದ್ದೂ ಆಯಿತಾ? ಅಲೆಕ್ಸ, ನೀನು ಊರಿಗೆ ಬಂದ ದಿನ ತಾರಿದೋಣಿಯಲ್ಲಿ ಹೊಳೆ ದಾಟುವಾಗ ಕಣ್ಣು ಮುಚ್ಚಿ ಕುಳಿತಿದ್ದೆ ಎಂದು ದೋಣಿಯವರೇ ಹೇಳಿದ್ದಾರೆ. ಝೀಟಾ, ನೀನು ನಿದ್ದೆಯಲ್ಲೂ ಮಾತನಾಡುತ್ತೀ. ಅದೆಲ್ಲ ಹಳೆಯದು. ಆ ಎಲೆ ನಿಮ್ಮದಲ್ಲ, ನನ್ನದು.’

ನಮಗೆ ಅರ್ಥವಾಗಲಿಲ್ಲ. ಅಕ್ಕನಿಗೂ ತನ್ನದೆಂಬುದೊಂದು ಉಂಟು ಎಂಬ ಸಂಗತಿ ನಮ್ಮ ತಲೆಗೆ ಅಷ್ಟು ಬೇಗ ಇಳಿಯುವಂಥದ್ದಲ್ಲ.

‘ಕಾರ್ಕಳದಲ್ಲಿ ಬಸ್ಸು ನಿಲ್ಲುವಲ್ಲಿ ಒಂದು ಬೇಕರಿ ಉಂಟು’ ಎಂದಳು. ‘ಬೆಂಜಮಿನ್ ಎಂದು ಅವರ ಹೆಸರು. ಹೆಂಡತಿ ತೀರಿ ಆರು ವರ್ಷ ಆಯಿತು, ಮಕ್ಕಳಿಲ್ಲ. ನಾನು ಬಸ್ಸಿಗೆ ಕಾಯುವಾಗ ಅವರ ಅಂಗಡಿಯ ಬೆಂಚಿನಲ್ಲಿ ಕುಳಿತುಕೊಳ್ಳುತ್ತಿದ್ದೆ. ಅವರು ನನ್ನನ್ನು ಕೇಳಿದ್ದಾರೆ. ಇವತ್ತು ಹೇಳುತ್ತೇನೆ ಎಂದಿದ್ದೇನೆ.’ ಬಾಗಿಲ ಕಡೆ ಒಮ್ಮೆ ನೋಡಿದಳು. ‘ಅವರು ನಮ್ಮ ನೊವೆಂಗೆ ಬರುತ್ತಿದ್ದಾರೆ. ನೀವು ಮೂವರೂ ಅವರ ಜೊತೆ ಕುಳಿತು ತಿಂದರೆ ನಾನು ಹೂಂ ಎನ್ನುತ್ತೇನೆ. ಒಬ್ಬರು ಎದ್ದರೂ ಇಲ್ಲ ಎನ್ನುತ್ತೇನೆ. ನಿಮ್ಮ ಮನಸ್ಸು ಮುರಿದು ನಾನು ಹೋಗುವುದಿಲ್ಲ.’

ಅಕ್ಕ ತನಗಾಗಿ ನಮ್ಮನ್ನು ಏನಾದರೂ ಕೇಳಿದ್ದು ಅದೇ ಮೊದಲು. ಇಂಥ ಹೊತ್ತಿನಲ್ಲಿ ಒಳ್ಳೆಯ ತಮ್ಮಂದಿರು ಏನು ಹೇಳುತ್ತಾರೆ ಎಂದು ನನಗೆ ಗೊತ್ತಿಲ್ಲ. ನಾವು ಹೇಳಿದ್ದು ಗೊತ್ತುಂಟು. ‘ಗದ್ದೆ?’ ಎಂದ ಅಲೆಕ್ಸಣ್ಣ. ‘ನಾನು?’ ಎಂದಳು ಝೀಟಾ. ನಾನು, ಎಲ್ಲರಿಗಿಂತ ದೊಡ್ಡ ಸ್ವರದವನು, ‘ಈ ಪ್ರಾಯದಲ್ಲಿ ನಿನಗೆ ಎಂತದಕ್ಕೆ ಅಕ್ಕಾ ಇದೆಲ್ಲ? ಜನ ಎಂತ ಹೇಳಿಯಾರು? ಕಾಪುವಿನಲ್ಲಿ ನಾನು ತಲೆ ಎತ್ತಿ ಓಡಾಡುವುದು ಬೇಡವಾ?’ ಎಂದೆ. ಹೆಂಡತಿ ಬಿಟ್ಟುಹೋಗಿದ್ದಾಳೆಂದು ಈಗಷ್ಟೇ ಕೂಗಿ ಹೇಳಿದ ಮನುಷ್ಯ ನಾನೇ.

ಅಕ್ಕ ಉತ್ತರ ಕೊಡುವ ಮೊದಲು ಅಂಗಳದಲ್ಲಿ ಯಾರೋ ಕೆಮ್ಮಿದರು.

ಐವತ್ತರ ಹತ್ತಿರದ ಮನುಷ್ಯ. ಮೊಣಕಾಲಿನವರೆಗೆ ಕೆಸರು, ಬಿಳಿ ಅಂಗಿ, ಕಂಕುಳಲ್ಲಿ ಕೊಡೆ, ಕೈಯಲ್ಲಿ ಬಟ್ಟೆ ಮುಚ್ಚಿದ ಬುಟ್ಟಿ. ಬುಟ್ಟಿಯಿಂದ ಬನ್ನಿನ ಪರಿಮಳ ಬರುತ್ತಿತ್ತು. ಬಸ್ಸು ಬೆಳ್ಮಣ್ಣಿನಲ್ಲಿ ಕೆಟ್ಟು ನಿಂತದ್ದರಿಂದ ನಡೆದೇ ಬಂದೆನೆಂದರು. ಬಸ್ಸು ಕೆಟ್ಟದ್ದಕ್ಕೆ ಏಜೆಂಟನಾದ ನನಗೆ ನಾಚಿಕೆಯಾಗಬೇಕಿತ್ತು, ನಾನು ಸಂತೋಷಪಟ್ಟೆ. ಅವರು ಕಾಲು ತೊಳೆದು ಒಳಗೆ ಬಂದು ಎಲ್ಲರಿಗೂ ಕೈ ಮುಗಿದರು. ನನ್ನ ಹತ್ತಿರ ಬಂದು, ‘ನೀವು ರೇಮಂಡ್ ಅಲ್ವಾ? ನಿಮ್ಮ ಮನೆಯವರು ಹೇಳಿ ಕಳಿಸಿದ್ದಾರೆ’ ಎಂದರು. ‘ಬಸ್‌ಸ್ಟ್ಯಾಂಡಿನ ಸ್ವರವನ್ನು ಬಸ್‌ಸ್ಟ್ಯಾಂಡಿನಲ್ಲೇ ಬಿಟ್ಟು, ನೀವೇ ಬಂದು ಕರೆಯಬೇಕಂತೆ. ಅಕ್ಕನನ್ನು ಕಳಿಸುವುದು ಬೇಡವಂತೆ.’

ಝೀಟಾ ಅಳುವುದನ್ನು ಬಿಟ್ಟು ಕಿಸಕ್ಕನೆ ನಕ್ಕಳು. ನನಗೆ ಮೈಯೆಲ್ಲ ಉರಿಯಿತು. ಈ ಮನುಷ್ಯನ ಜೊತೆ ನಾನು ನೊವೆಂ ತಿನ್ನುವುದಿಲ್ಲ, ಸರಿಯಾದ ಹೊತ್ತು ನೋಡಿ ಎದ್ದುಬಿಡುತ್ತೇನೆ ಎಂದು ಆ ಕ್ಷಣವೇ ನಿಶ್ಚಯ ಮಾಡಿದೆ. ಏಳುವುದಕ್ಕೆ ಮೊದಲು ಕುಳಿತುಕೊಳ್ಳಬೇಕಲ್ಲ, ಕುಳಿತೆ.

ಮೇಣದ ಬತ್ತಿ ಹಚ್ಚಿ ಪ್ರಾರ್ಥನೆಯಾಯಿತು. ಅಕ್ಕ ಕಂಚಿನ ಬಟ್ಟಲು ತಂದಳು. ಎದ್ದು ಹೋಗುವವನು ಸುಮ್ಮನೆ ಎದ್ದರೆ ಏನು ಬೆಲೆ? ಈ ಮನೆಯ ಗಂಡಸು ಯಾರೆಂದು ಕಾರ್ಕಳದವರಿಗೆ ಮೊದಲು ತೋರಿಸಬೇಕೆಂದು ನನಗೆ ಹೊಳೆಯಿತು. ‘ಕೊಡು ಅಕ್ಕಾ, ಇವತ್ತು ನಾನು ಬಡಿಸುತ್ತೇನೆ’ ಎಂದೆ. ಅಲೆಕ್ಸಣ್ಣನ ಕಡೆ ನೋಡಿದೆ. ನನಗಿಂತ ಹಿರಿಯ, ಹಕ್ಕು ಅವನದು. ಹಡಗಿನ ವಿಷಯ ಹೊರಬಿದ್ದ ಮೇಲೆ ಅವನಿಗೆ ಯಾವ ಹಕ್ಕೂ ಬೇಡವಾಗಿತ್ತು. ಅಕ್ಕ ಬಟ್ಟಲನ್ನು ಕೊಡಲು ಸ್ವಲ್ಪ ಅನುಮಾನಿಸಿದಳು. ‘ನೋಡಿ ಬಡಿಸು ರೇಮಂಡ’ ಎಂದಳು. ‘ನೀನು ಕುಳಿತುಕೋ, ನನಗೆ ಗೊತ್ತಿಲ್ಲದ್ದಾ’ ಎಂದು ಅವಳನ್ನು ಅವಳ ಎಲೆಯ ಮುಂದೆ ಕೂರಿಸಿದೆ. ಬಸ್ಸಿನಲ್ಲಿ ಕೂರಿಸಿದ ಹಾಗೆಯೇ.

ಬಡಿಸುವಾಗ ನನ್ನ ಗತ್ತು ನೋಡಬೇಕಿತ್ತು. ಅಲೆಕ್ಸಣ್ಣನಿಗೆ ಸೌಟು ತುಂಬ. ಝೀಟಾಳಿಗೆ ಸೌಟು ತುಂಬ. ನನ್ನ ಎಲೆಗೆ ಒಂದು ಸೌಟು, ಹಿರಿತನಕ್ಕೆಂದು ಇನ್ನರ್ಧ. ಬೆಂಜಮಿನರ ಎಲೆಗೆ ಬಂದಾಗ ನಮ್ಮದು ದರಿದ್ರದ ಮನೆಯಲ್ಲ ಎಂದು ತೋರಿಸಲು ಎರಡು ಸೌಟು ಸುರಿದೆ. ಅವರು ‘ಸಾಕು, ಸಾಕು’ ಎಂದು ಎಲೆಗೆ ಕೈ ಅಡ್ಡ ಹಿಡಿದರು. ‘ನಮ್ಮಲ್ಲಿ ಹೀಗೆಯೇ’ ಎಂದೆ. ಆಮೇಲೆ ಅಕ್ಕನ ಎಲೆಯ ಮುಂದೆ ಬಗ್ಗಿ ಸೌಟನ್ನು ಬಟ್ಟಲಿಗೆ ಇಳಿಸಿದೆ.

ಗೆರಟೆ ಕಂಚಿಗೆ ತಾಗಿ ಕರಕರ ಎಂದಿತು. ಬಟ್ಟಲಿನಲ್ಲಿ ಏನೂ ಇರಲಿಲ್ಲ. ಇನ್ನೊಮ್ಮೆ ಕೆರೆದೆ. ಅದೇ ಸದ್ದು. ವರ್ಷ ವರ್ಷವೂ ಅಡುಗೆಮನೆಯಿಂದ ಕೇಳುತ್ತಿದ್ದ, ನಮಗೆ ಹಬ್ಬ ಪೂರ್ತಿಯಾಯಿತು ಎನಿಸುತ್ತಿದ್ದ ಸದ್ದು.

ನಾನು ಬಗ್ಗಿದವನು ಬಗ್ಗಿಯೇ ಇದ್ದೆ. ಇದೇ ಬಟ್ಟಲು, ಇದೇ ಸೌಟು, ಇಗರ್ಜಿಯಿಂದ ಬರುವ ತೆನೆಯೂ ಪ್ರತಿ ವರ್ಷ ಇಷ್ಟೇ. ನಾವು ಮೂವರೂ ಪ್ರತಿ ವರ್ಷ ‘ಇನ್ನೂ ಸ್ವಲ್ಪ ಹಾಕು’ ಎಂದು ಕೇಳಿ ಹಾಕಿಸಿಕೊಂಡು ತಿಂದವರು.

‘ಅಕ್ಕಾ, ಇಷ್ಟು ವರ್ಷ ನೀನು ಇದನ್ನು ಹೇಗೆ ಸಾಲಿಸುತ್ತಿದ್ದೆ?’ ಎಂದು ಕೇಳಿದೆ. ನನ್ನ ಸ್ವರ ಎಷ್ಟು ಸಣ್ಣಗಾಗಿತ್ತೆಂದರೆ ಅಕ್ಕ ‘ಎಂತ?’ ಎಂದು ಕೇಳಬೇಕಾಯಿತು. ಎರಡನೆಯ ಸಲ ಕೇಳಿದೆ.

‘ಎಲ್ಲಿ ಸಾಲುತ್ತಿತ್ತು?’ ಎಂದಳು ಅಕ್ಕ. ‘ನಿಮಗೆ ಸಾಲುತ್ತಿತ್ತು.’

ಅವಳು ಅದನ್ನು ದೂರಿನ ಹಾಗೆ ಹೇಳಲಿಲ್ಲ. ನೀರು ಎಲ್ಲಿಂದ ತಂದೆ ಎಂದು ಕೇಳಿದರೆ ಬಾವಿಯಿಂದ ಎನ್ನುವ ಹಾಗೆ ಹೇಳಿದಳು. ಅಲೆಕ್ಸಣ್ಣ ತಲೆ ತಗ್ಗಿಸಿದ. ಝೀಟಾ ಬಾಯಿಗೆ ಕೈ ಒತ್ತಿ ಹಿಡಿದಳು. ನನಗೆ ಅಳು ಬಂತು, ಹೇಳಲು ನಾಚಿಕೆಯೇನೂ ಇಲ್ಲ. ನೊವೆಂ ಮನೆಯವರೆಲ್ಲರಿಗೂ ಸಿಗಬೇಕು ಎಂದು ಊರಿಗೆಲ್ಲ ಪಾಠ ಹೇಳುವ ನಾವು, ಮನೆಯವರು ಯಾರು ಎಂದು ಒಮ್ಮೆಯೂ ಎಣಿಸಿರಲಿಲ್ಲ.

ಆಗಲೇ ನಾನು ಬೆಂಜಮಿನರ ಎಲೆಯನ್ನು ನೋಡಿದ್ದು. ಅವರು ಇನ್ನೂ ಬೆರಳು ಮುಟ್ಟಿಸಿರಲಿಲ್ಲ. ನಾನು ಗತ್ತಿನಿಂದ ಸುರಿದದ್ದು ಹಾಗೆಯೇ ಇತ್ತು. ನಾವು ಮೂವರು ನಮ್ಮ ನಮ್ಮ ಎಲೆ ನೋಡುತ್ತಿದ್ದಾಗ ಆ ಮನುಷ್ಯ ಅಕ್ಕನ ಖಾಲಿ ಎಲೆಯನ್ನು ನೋಡುತ್ತಾ ಕುಳಿತಿದ್ದರು. ಅವರು ತಮ್ಮ ಎಲೆಯನ್ನು ಎರಡು ಕೈಯಲ್ಲಿ ಜೋಪಾನವಾಗಿ ಎತ್ತಿ, ತುದಿ ಬಗ್ಗಿಸಿ, ಅರ್ಧವನ್ನು ಅಕ್ಕನ ಎಲೆಗೆ ಇಳಿಸಿದರು.

‘ಆರು ವರ್ಷ ನಾನು ಒಬ್ಬನೇ ಕುಳಿತು ತಿಂದಿದ್ದೇನೆ’ ಎಂದರು. ‘ಒಬ್ಬನೇ ತಿಂದರೆ ಅದು ಬರೀ ಅಕ್ಕಿ.’

ಅಕ್ಕ ನಮ್ಮನ್ನು ನೋಡಿದಳು. ಎಲ್ಲರಿಗಿಂತ ಹೆಚ್ಚು ನನ್ನನ್ನು, ಯಾಕೆಂದರೆ ನಿಂತಿದ್ದವನು ನಾನೊಬ್ಬನೇ. ಏಳಬೇಕೆಂದು ನಿಶ್ಚಯ ಮಾಡಿದ್ದವನು ಎದ್ದೇ ಇದ್ದೆ. ಒಂದು ಹೆಜ್ಜೆ ಹೊರಗೆ ಇಟ್ಟಿದ್ದರೆ ಸಾಕಿತ್ತು, ಅವಳು ಆ ಮನುಷ್ಯನಿಗೆ ಇಲ್ಲ ಎನ್ನುತ್ತಿದ್ದಳು. ಮರುದಿನ ಬೆಳಿಗ್ಗೆ ನನಗೆ ಗಂಜಿ ಬಡಿಸುತ್ತಿದ್ದಳು. ನಾನು ಬಟ್ಟಲು ಕೆಳಗಿಟ್ಟು ಬೆಂಜಮಿನರ ಪಕ್ಕದಲ್ಲಿ ಕುಳಿತೆ.

‘ತಿನ್ನು ಅಕ್ಕಾ. ಮೊದಲು ನೀನು ತಿನ್ನು’ ಎಂದೆ.

ಅವಳು ತಿಂದಳು. ಎಷ್ಟು ವರ್ಷಗಳ ಮೇಲೆ ಎಂದು ಕೇಳುವ ಧೈರ್ಯ ನಮಗೆ ಯಾರಿಗೂ ಬರಲಿಲ್ಲ. ಆಮೇಲೆ ಏಳು ಬಗೆ ತರಕಾರಿಯ ಊಟ, ಮೇಲೆ ಬನ್ನು. ಬನ್ನು ಸೇರಿಸಿದರೆ ಎಂಟಾಗುವುದಿಲ್ಲವೇ ಎಂದು ಅಲೆಕ್ಸಣ್ಣ ಶುರು ಮಾಡಿದ. ಬೆಂಜಮಿನರು ಬಹಳ ಗಂಭೀರವಾಗಿ, ‘ಬನ್ನು ತರಕಾರಿಯಲ್ಲ’ ಎಂದು ತೀರ್ಪು ಕೊಟ್ಟರು. ಅಂದಿನಿಂದ ಅವರು ನಮ್ಮ ಭಾವ.

ಮರುದಿನವೇ ನಾನು ಕಾರ್ಕಳಕ್ಕೆ ಹೋದೆ, ಅದೂ ನಾನು ಹೇಳುತ್ತಿದ್ದ ಟೈಮಿನ ಬಸ್ಸನ್ನು ನಂಬಿ. ಅಂಥ ಬಸ್ಸು ಇರಲಿಲ್ಲ. ಐರಿನ್ ಜಗಲಿಯಲ್ಲಿ ನಿಂತು ನಾನು ಕರೆಯುವುದನ್ನು ಕೇಳಿದಳು. ‘ಇನ್ನೂ ಸ್ವಲ್ಪ ಮೆಲ್ಲಗೆ ಹೇಳಿ’ ಎಂದಳು. ಹೇಳಿದೆ. ‘ಇನ್ನೂ ಮೆಲ್ಲಗೆ’ ಎಂದಳು. ಕೊನೆಗೆ ನನಗೇ ಕೇಳಿಸದಷ್ಟು ಮೆಲ್ಲಗೆ ಹೇಳಿದ ಮೇಲೆ ಒಳಗೆ ಹೋಗಿ ಪೆಟ್ಟಿಗೆ ತಂದಳು. ಅಲೆಕ್ಸಣ್ಣ ಗದ್ದೆಗೆ ಇಳಿದ, ಒಲೆಯ ಮುಂದೆಯೂ ಕುಳಿತ. ಅಡುಗೆ ಅಕ್ಕನಿಗಿಂತ ಚೆನ್ನಾಗಿತ್ತು, ಅದನ್ನು ನಾವು ಅಕ್ಕನಿಗೆ ಹೇಳಲಿಲ್ಲ. ಝೀಟಾ ಮಣಿಪಾಲದ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲಿ ಇಡೀ ದಿನ ಮಾತನಾಡಿದರೂ ಕೇಳಲು ರೋಗಿಗಳಿದ್ದರು, ಅವರಿಗೆ ಓಡಿಹೋಗಲೂ ಆಗುತ್ತಿರಲಿಲ್ಲ.

ಅಕ್ಕನ ಮದುವೆ ಜನವರಿಯಲ್ಲಿ ಶಿರ್ವದ ಇಗರ್ಜಿಯಲ್ಲಾಯಿತು. ಮದುವೆಯ ನಂತರದ ಔತಣಗಳೆಲ್ಲ ಮುಗಿದು ಅವರು ಕಾರ್ಕಳಕ್ಕೆ ಹೊರಡುವ ದಿನ ಬಂತು. ಬಸ್ಸು ನಮ್ಮ ಮನೆಯ ಮುಂದಿನಿಂದಲೇ ಹೋಗುತ್ತದೆ, ಅಲ್ಲೇ ಕೈ ತೋರಿಸಿದರೆ ಸಾಕು. ನಾನು ಬಿಡಲಿಲ್ಲ. ‘ನನ್ನ ಸ್ಟ್ಯಾಂಡಿನಲ್ಲೇ ಹತ್ತಬೇಕು, ಮುಂದಿನ ಸೀಟು ಹಿಡಿದಿಟ್ಟಿದ್ದೇನೆ’ ಎಂದು ಹಟ ಹಿಡಿದು ಇಬ್ಬರನ್ನೂ ಕಾಪುವಿಗೆ ಹಿಂದೆ ಕರೆದುಕೊಂಡು ಹೋದೆ. ಡ್ರೈವರನ ಹಿಂದಿನ ಸೀಟಿನಲ್ಲಿ ಕೂರಿಸಿದೆ. ಅಕ್ಕ ಕಿಟಕಿಯ ಬದಿ, ಮಡಿಲಲ್ಲಿ ಸಣ್ಣ ಗಂಟು. ಆ ಗಂಟಿನಲ್ಲಿ ಕಂಚಿನ ಬಟ್ಟಲು ಇತ್ತು. ನಾವು ಮೂವರೂ ಸೇರಿ ಕೊಟ್ಟದ್ದು.

ಬಸ್ಸು ತುಂಬಿತು. ಡ್ರೈವರು ಎಂಜಿನ್ನು ಶುರು ಮಾಡಿದ. ನಾನು ಬಸ್ಸಿನ ಬೆನ್ನಿಗೆ ಎರಡು ಪೆಟ್ಟು ಕೊಟ್ಟೆ, ಬಾಯಿ ತೆರೆದೆ. ಸ್ವರ ಬರಲಿಲ್ಲ. ಇನ್ನೊಮ್ಮೆ ಬಾಯಿ ತೆರೆದೆ, ಮುಚ್ಚಿದೆ. ಮೀನು ನೀರಿನಿಂದ ಹೊರಗೆ ಬಿದ್ದರೆ ಮಾಡುವ ಹಾಗೆ. ಪೇಟೆಯ ಜನ ತಿರುಗಿ ನೋಡತೊಡಗಿದರು.

‘ಏಜೆಂಟರೇ, ಹೇಳಿ ಮಾರಾಯ್ರೆ, ಹೊತ್ತಾಯಿತು’ ಎಂದು ಕಂಡಕ್ಟರ್ ಕೂಗಿದ.

ಅಕ್ಕ ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂದೆ ನೋಡಿದಳು. ನಾನು ನಿಂತಿದ್ದ ಸ್ಥಿತಿಯನ್ನು ನೋಡಿದಳು. ಇಷ್ಟು ವರ್ಷ ನನ್ನಿಂದ ಆಗದ್ದನ್ನೆಲ್ಲ ಮಾಡಿಕೊಟ್ಟವಳು, ಇದೊಂದನ್ನೂ ಅವಳೇ ಮಾಡಿದಳು.

‘ರೈಟ್’ ಎಂದಳು.

ಬಸ್ಸು ಹೊರಟಿತು.